ಕುಂಬಳದ ಹೂವಿಗೆ ನಾನು ಮಾಡಿಸಿದ ಮದುವೆ

ತರಗತಿಯಲ್ಲಿ ಗೆಲ್ಲುವುದು ಬಲು ಸುಲಭ. ಕೈಯಲ್ಲಿ ಸೀಮೆಸುಣ್ಣ, ಬೆನ್ನ ಹಿಂದೆ ಬೋರ್ಡು, ಎದುರಿಗೆ ಬೆಲ್ ಹೊಡೆಯುವವರೆಗೆ ಎದ್ದು ಹೋಗಲಾಗದ ಮಕ್ಕಳು. ಹುಕ್ಕೇರಿಯ ಹೈಸ್ಕೂಲಿನಲ್ಲಿ ನಾನು ಪರಾಗಸ್ಪರ್ಶದ ಪಾಠ ಮಾಡಿದರೆ ಹಿಂದಿನ ಬೆಂಚಿನವರೂ ಕಣ್ಣು ಬಿಟ್ಟು ಕೇಳುತ್ತಾರೆ. ಆದರೆ ಸಂಜೆಯ ಬಸ್ಸಿಗೆ ಘೋಡಗೇರಿಯಲ್ಲಿ ಇಳಿದು ಮನೆಯ ಹಿತ್ತಲಿಗೆ ಹೋದರೆ ಅಲ್ಲಿ ನನ್ನ ಮಾನ ಕಳೆಯಲೆಂದೇ ಒಂದು ಕುಂಬಳದ ಬಳ್ಳಿ ಹಬ್ಬಿಕೊಂಡಿತ್ತು. ಬೇಲಿಯ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ.

"ಸಾಲ್ಯಾಗ ಅದೇನ ಕಲಸ್ತೀಯೋ ನಮ್ಮವ್ವಾ, ಮನಿ ಬಳ್ಳಿಗಿ ಒಂದ ಕಾಯಿ ಹಿಡಸಾಕ ಬರವಲ್ದು" ಎಂದು ನಮ್ಮ ಅತ್ತೆ ನಕ್ಕರು. ಅವರು ತೀರ್ಪನ್ನೂ ಕೊಟ್ಟಾಗಿತ್ತು. ದೀಪಾವಳಿಯಲ್ಲಿ ಸಗಣಿಯಿಂದ ಮಾಡಿ ಪೂಜಿಸುವ ಪುಟ್ಟ ಪಾಂಡವರಿಗೆ ಮುಡಿಸಲು ಈ ಹೂವೇ ಬೇಕು. ಹಬ್ಬ ಮುಗಿದ ಮೇಲೆ ಬಳ್ಳಿ ಕಿತ್ತು ಮೆಂತ್ಯ ಹಾಕುವುದು. ನನಗೆ ಮೈಯೆಲ್ಲ ಉರಿಯಿತು. ವಿಜ್ಞಾನದ ಟೀಚರ ಹಿತ್ತಲಲ್ಲಿ ಬಳ್ಳಿ ಸೋತಿತೆಂದರೆ ಊರಲ್ಲಿ ತಲೆ ಎತ್ತುವುದು ಹೇಗೆ?

ಮಿಡಿಗಳನ್ನು ಯಾರಾದರೂ ಕದಿಯುತ್ತಿರಬಹುದೇ ಎಂಬ ಅನುಮಾನದಿಂದ ರವಿವಾರ ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದೆ. ಆಗ ಕಂಡದ್ದು ಕಳ್ಳರಲ್ಲ, ಬುಟ್ಟಿ ಹಿಡಿದ ಅತ್ತೆ! ಬುಡದಲ್ಲಿ ಪುಟ್ಟ ಮಿಡಿ ಇದ್ದ ಹೂವುಗಳನ್ನು ಜೋಪಾನವಾಗಿ ಬಿಟ್ಟು, ಉದ್ದ ತೊಟ್ಟಿನ ಬರಿಯ ಹೂವುಗಳನ್ನೆಲ್ಲ ಪೂಜೆಗೆ ಕೀಳುತ್ತಿದ್ದರು. "ಇವು ಸುಳ್ಳ ಹೂ. ಕಾಯಿ ಹಿಡಿಯೂದಿಲ್ಲ. ಸುಮ್ನ ಒಣಗೂದಕಿಂತ ದೇವರಿಗರ ಆಗ್ಲಿ" ಎಂದರು. ನಾನು ಹಣೆ ಹಣೆ ಚಚ್ಚಿಕೊಂಡೆ. ಗಂಡು ಹೂವೆಲ್ಲ ದಿನಾ ದೇವರ ಪಾಲಾದ ಮೇಲೆ ಜೇನುಹುಳ ತರುವುದಾದರೂ ಏನನ್ನು? ಪಾಪ, ಬರಿಗೈಯಲ್ಲಿ ಬಂದು ಹೋಗುತ್ತಿದ್ದವು. ಮಿಡಿಗಳು ಹಳದಿಯಾಗಿ ಉದುರುತ್ತಿದ್ದವು.

ಬುಟ್ಟಿಯಿಂದ ಒಂದು ಹೂವು ಎತ್ತಿ, ಅದರ ಪರಾಗವನ್ನು ಮಿಡಿಯಿದ್ದ ಹೂವಿನ ನಡುವೆ ಮೆಲ್ಲಗೆ ಸವರಿದೆ.

"ಏನ ಮಾಡಾಕತ್ತೀಯವಾ?"

"ಮದುವಿ ಮಾಡಾಕತ್ತೇನ್ರಿ ಅತ್ತಿ. ಇಂವ ಗಂಡು, ಇಕಿ ಹೆಣ್ಣು."

ಅತ್ತೆ ಬುಟ್ಟಿಯನ್ನು ನೋಡಿದರು, ಬಳ್ಳಿಯನ್ನು ನೋಡಿದರು. "ಅಯ್ಯ ಶಿವನ! ಹಂಗಾರ ಇಷ್ಟ ದಿನಾ ನಾ ವರಗೋಳನ್ನ ಹರದ ದೇವರಿಗಿ ಏರಸೇನೇನ?"

ಆದರೂ ಸುಲಭಕ್ಕೆ ಬಗ್ಗುವವರಲ್ಲ. ಹಿಂಗೆ ಸವರಿದ ಹೂವು ಪಾಂಡವರಿಗೆ ನಡೆಯುತ್ತದೆಯೇ ಎಂಬ ತಕರಾರು ತೆಗೆದರು. ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. "ಮದುವಿ ಆದವರು ದೇವರ ಗುಡಿಗಿ ಹೋಗೂದಿಲ್ಲೇನ್ರಿ?" ಎಂದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಗೆದ್ದೆ!

ಅಂದಿನಿಂದ ಬೆಳಿಗ್ಗೆ ಮೊದಲು ಲಗ್ನ, ಆಮೇಲೆ ಪೂಜೆ. ಹಬ್ಬ ಮುಗಿಯುವ ಹೊತ್ತಿಗೆ ಮಿಡಿಗಳು ಉದುರುವುದನ್ನು ಬಿಟ್ಟು ಉಬ್ಬತೊಡಗಿದವು. ಬಳ್ಳಿ ಕೀಳುವ ಮಾತೇ ನಿಂತುಹೋಯಿತು. ಬೇಲಿಯಲ್ಲಿ ಕಾಯಿಗಳು ಸಾಲಾಗಿ ಜೋತಾಗ ನಾನು ಬಂದವರನ್ನೆಲ್ಲ ನೀರು ಕೊಡುವುದಕ್ಕೂ ಮೊದಲು ಹಿತ್ತಲಿಗೆ ಕರೆದೊಯ್ದು ತೋರಿಸಿದೆ. ಜಂಬ ಎಂದರೆ ಜಂಬವೇ, ಮುಚ್ಚಿಡುವುದೇಕೆ?

ಒಂದು ದಿನ ಬಾಜೂ ಮನೆಯ ಶಾಂತವ್ವ ಬಂದಳು. "ಅಕ್ಕೋರ, ನಿಮ್ಮ ಕೈಗುಣ ಭಾಳ ಚಲೋ ಐತ್ರಿ. ನಮ್ಮ ಬಳ್ಳಿಗೂ ಒಂದೀಟ ಕೈ ಹಚ್ಚಿ ಹೋಗ್ರಿ."

ಕೈಗುಣ! ನನ್ನೊಳಗಿನ ಟೀಚರು ಸಿಡಿದೆದ್ದಳು. ಕಡ್ಡಿಯಿಂದ ನೆಲದ ಮೇಲೆ ಹೂವಿನ ಚಿತ್ರ ಬರೆದು, ಗಂಡು ಯಾವುದು, ಹೆಣ್ಣು ಯಾವುದು, ಪರಾಗ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲ ಬಿಡಿಸಿ ಹೇಳಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಕೈಯಲ್ಲಿ ಏನೂ ಇಲ್ಲ ಎಂದೆ. ಶಾಂತವ್ವ ತಲೆಯಾಡಿಸುತ್ತ ಕೇಳಿದಳು. "ಎಲ್ಲಾ ತಿಳೀತ್ರಿ. ಆದ್ರ ಕೈ ಮಾತ್ರ ನಿಮ್ಮದ ಇರ್ಲಿ."

ಇಂಥ ಮೂಢನಂಬಿಕೆಗೆ ನನ್ನಂಥ ವಿಜ್ಞಾನದ ಟೀಚರು ಸೊಪ್ಪು ಹಾಕಬಾರದು. ಎಡಗೈಯಿಂದ ಸವರಿದರೂ ಕಾಯಿ ಹಿಡಿದೇ ಹಿಡಿಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮರುದಿನ ಬೆಳಿಗ್ಗೆ ಬಲಗೈಯನ್ನೇ ನೀಟಾಗಿ ತೊಳೆದುಕೊಂಡು ಹೋದೆ.