ಅಟ್ಟಣೆಯ ಮೇಲೊಂದು ವಾಫಲ್ ಕಾವಲಿ

ಔದುನ್‌ನ ತಲೆಗೆ ವಾಫಲ್ ಹೊಕ್ಕಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಸ್ತವಾಂಗರ್ ಎಂಬ ಬಂದರು ಊರಿನ ಆ ಕಚೇರಿಯಲ್ಲಿ, ಸಮುದ್ರದ ನಡುವೆ ನಿಂತು ತೈಲ ತೆಗೆಯುವ ಹೊಸ ಅಟ್ಟಣೆಯೊಂದು ತಯಾರಾಗುತ್ತಿತ್ತು. ಕಬ್ಬಿಣ ಕೊಳ್ಳುವ ಮುಂಚೆ ಇಡೀ ಅಟ್ಟಣೆಯನ್ನು ಕಂಪ್ಯೂಟರಿನೊಳಗೇ ಕಟ್ಟಿ ನೋಡುವುದು ಅಲ್ಲಿನ ಪದ್ಧತಿ. ಆ 'ಮಾದರಿ'ಯಲ್ಲಿ ಪ್ರತಿಯೊಂದಕ್ಕೂ ಇನ್ನೊಂದರ ಗಂಟು. ಒಂದನ್ನು ಮುಟ್ಟಿದರೆ ಉಳಿದವೆಲ್ಲ ತಾವಾಗಿಯೇ ಬದಲಾಗುತ್ತವೆ, ಥೇಟು ಕೂಡುಕುಟುಂಬ. ಅದರಲ್ಲಿ ಕೆಲಸಗಾರರ ವಸತಿ ಔದುನ್‌ನ ಪಾಲಿನದು. ಅಂದು ಮಧ್ಯಾಹ್ನ ಬರಲಿರುವ ಹಣ ಹಾಕುವವರು ಒಪ್ಪಿದರೆ ಅವನಿಗೆ ಮೂರು ವರ್ಷ ಕೆಲಸ ಗಟ್ಟಿ. ಇಲ್ಲದಿದ್ದರೆ ಮನೆಯ ದಾರಿ.

ಬೆಳಗಿನ ಕಾಫಿ ಕುಡಿಯುವಾಗ ಅವನಿಗೆ ಹೊಳೆಯಿತು, ಅಟ್ಟಣೆಯ ಅಡುಗೆಮನೆಯಲ್ಲಿ ವಾಫಲ್ ಎಂಬ ಗೂಡುಗೂಡಿನ ಸಿಹಿ ದೋಸೆ ಸುಡುವ ಕಾವಲಿಯೇ ಇಲ್ಲ. ಶನಿವಾರ ವಾಡಿಕೆಯ ವಾಫಲ್ ಸಿಗದ ಅಟ್ಟಣೆಗೆ ಯಾವ ತಾಯಿಯ ಮಗ ಹೋದಾನು? ಒಂದು ಕಾವಲಿ ಸೇರಿಸಿ, ಜೊತೆಗೊಂದು ನಿಯಮವನ್ನೂ ಬರೆದ: 'ಜನ ಇರುವಲ್ಲಿ ವಾಫಲ್ ಇರಲೇಬೇಕು.'

ಮೊದಲು ಬಂದವನು ವಿದ್ಯುತ್ತಿನ ಸ್ವೆರ್ರೆ.

"ಏನ್ ಮಾರಾಯ, ಅಡುಗೆಮನೆಗೆ ಇಷ್ಟು ಕರೆಂಟಾ? ನನ್ನ ಕೇಬಲ್ಲೆಲ್ಲ ದಪ್ಪ ಆಗಿ ಕೂತಿವೆ. ಮತ್ತೆ, ಒಂದು ಕಾವಲಿ ಯಾವ ಮೂಲೆಗೆ? ಎರಡು ಮಾಡಿದೀನಿ."

ಹಿಂದೆಯೇ ಸುರಕ್ಷತೆಯ ಗುನ್ವೋರ್. "ಕಾವಲಿ ಅಂದ್ರೆ ಬೆಂಕಿ. ಬೆಂಕಿ ಅಂದ್ರೆ ಇನ್ನೊಂದು ಗೋಡೆ. ಹಾಕಿದೀನಿ ನೋಡು."

ಗೋಡೆಯಿಂದ ಭಾರ ಏರಿತು, ಭಾರಕ್ಕೆ ಅಟ್ಟಣೆಯ ಕಾಲು ದಪ್ಪವಾಯಿತು, ಕಾಲಿಗೆ ತಕ್ಕಂತೆ ಖರ್ಚು. ಊಟದ ಹೊತ್ತಿಗೆ ಅರ್ಧ ಕಚೇರಿ ಬ್ರೆಡ್ಡು ಕಚ್ಚುತ್ತ ಅವನ ಬೆನ್ನ ಹಿಂದೆ ನಿಂತು ಬಿಟ್ಟಿ ಸಲಹೆ ಕೊಡುತ್ತಿತ್ತು. ಆಗ ಮುಖ್ಯಸ್ಥೆ ಹಾಲ್‌ದಿಸ್ ಬಂದಳು.

"ಔದುನ್, ಖರ್ಚು ಯಾಕೆ ಮಿತಿ ದಾಟಿದೆ?"

"ವಾಫಲ್..."

"ತೆಗಿ ಅದನ್ನ. ಹಣ ಹಾಕೋರು ಬಂದು ಕೂತಿದಾರೆ. ಮಾದರಿ ಅವರ ಕಣ್ಣೆದುರೇ ಇದೆ."

ಔದುನ್ ಕಾವಲಿಗಳನ್ನು ಅಳಿಸಿ, ಅವಳ ಹಿಂದೆಯೇ ಸಭೆಗೆ ಓಡಿದ; ಗುನ್ವೋರ್, ಸ್ವೆರ್ರೆ ಕೂಡ ಬೆನ್ನಿಗೇ ಬಂದರು. ಮಾದರಿ ಅಷ್ಟರಲ್ಲಿ ಲೆಕ್ಕ ಹಾಕಿತ್ತು. ಜನ ಇರುವಲ್ಲಿ ವಾಫಲ್ ಇರಲೇಬೇಕು, ವಾಫಲ್ ಇಲ್ಲ, ಆದ್ದರಿಂದ ಜನ ಇರಕೂಡದು.

ದೊಡ್ಡ ಪರದೆಯ ಮೇಲೆ ಹಾಸಿಗೆಗಳು ಮಾಯವಾದವು. ಊಟದ ಕೋಣೆ ಹೋಯಿತು, ಕಕ್ಕಸು ಹೋಯಿತು, ಜೀವರಕ್ಷಕ ದೋಣಿಗಳು ಹೋದವು, ಹೆಲಿಕಾಪ್ಟರ್ ಇಳಿಯುವ ಜಾಗವೂ ಹೋಯಿತು. ಕೊನೆಗೆ ಸಣಕಲು ಕಾಲಿನ ಮೇಲೆ ನಾಲ್ಕು ಕೊಳವೆ ಉಳಿದವು. ಹಾಲ್‌ದಿಸ್‌ಳ ಮುಖ ಮೀನಿನ ಹೊಟ್ಟೆಯಂತೆ ಬೆಳ್ಳಗಾಗಿತ್ತು.

ಹಣ ಹಾಕುವವರ ಹಿರಿಯ ನಿಧಾನವಾಗಿ ಕನ್ನಡಕ ತೆಗೆದ. "ಒಬ್ಬರೂ ಇಲ್ವಾ ಅಲ್ಲಿ?"

"ದಡದಿಂದಲೇ ನಡೆಸಬಹುದು," ಎಂದಳು ಗುನ್ವೋರ್, ಯಾರೂ ಕೇಳದಿದ್ದರೂ.

"ಖರ್ಚು ಅರ್ಧಕ್ಕೆ ಇಳಿದಿದೆ," ಎಂದ ಸ್ವೆರ್ರೆ.

"ಹಾಗಾದ್ರೆ ನಮ್ಮ ಒಪ್ಪಿಗೆ ಇದೆ. ಯಾರ ತಲೆ ಇದು?" ಎಂದ ಹಿರಿಯ.

ಎಲ್ಲರ ಬೆರಳೂ ಔದುನ್‌ನತ್ತ ತಿರುಗಿತು. ಹಿರಿಯ ಎದ್ದು ಬಂದು ಅವನ ಕೈ ಕುಲುಕಿದ.

"ಭೇಷ್ ಕಣಪ್ಪ. ನೀನಿಲ್ಲಿ ಏನು ಕೆಲಸ ಮಾಡ್ತೀಯ?"

"ಅಟ್ಟಣೆ ಮೇಲೆ ಜನ ಉಳಿಯೋದಕ್ಕೆ... ವಸತಿ ಮಾಡ್ತೀನಿ."

ಹಿರಿಯ ಪ್ರೀತಿಯಿಂದ ಅವನ ಬೆನ್ನು ತಟ್ಟಿದ.

"ಸದ್ಯ, ಇನ್ನು ಆ ತಾಪತ್ರಯ ನಿನಗಿಲ್ಲ ಬಿಡು."