ಹೊಳೆದಂಡೆಯ ಸಂಶಯಗಳು

ಹೊಳೆದಂಡೆಯಲ್ಲಿ ವಹಿ ಹಿಡಿದು ನಿಂತ ಮನುಷ್ಯನನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ನಾನು ಹಾಗೆ ವರ್ಷಗಟ್ಟಲೆ ನಿಂತವನು, ಹೀಗಾಗಿ ಮುಂದೆ ಹೇಳುವಂಥ ಪ್ರಸಂಗಗಳು ನನಗೆ ದಿನಾ ಒಂದಿಲ್ಲೊಂದು ಆಗುತ್ತಲೇ ಇದ್ದವು.

ಕೆಳಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯತೊಡಗಿದ ಮೇಲೆ ಕೃಷ್ಣೆಯ ಹಿನ್ನೀರು ಗಲಗಲಿಯ ಆಚೀಚೆ ದಂಡೆ ಏರಿ ಜವುಳು ಮಾಡಿತ್ತು. ಅಲ್ಲಿಯ ಹಕ್ಕಿ, ಮೀನು, ಮಣ್ಣು ಏನಾಗುತ್ತಿವೆ ಎಂದು ನೋಡಿ ಬರೆದುಕೊಳ್ಳುವುದು, ಆದಷ್ಟು ಹಾನಿ ತಪ್ಪಿಸುವುದು ನಮ್ಮ ಕೆಲಸ. ನಾವೆಂದರೆ ಮೈಸೂರು ಕಡೆಯ ಸಾಹೇಬರು, ಅವರ ವಹಿ ಹೊರುವ ಮುಧೋಳದವನಾದ ನಾನು. ಹಿಂದೊಮ್ಮೆ ಹೀಗೇ ವಹಿ ಹಿಡಿದವರು ಬಂದು ಹೋದ ಮೇಲೆಯೇ ಊರುಗಳು ಮುಳುಗಿದ್ದವು. ಅದಕ್ಕೇ ನಮ್ಮ ಜೀಪು ಕಂಡ ಕೂಡಲೆ ಜನ ಕೇಳುತ್ತಿದ್ದದ್ದು ಒಂದೇ ಮಾತು: “ಈ ಸಲ ನೀರು ಎಲ್ಲಿತನಕ್ರಿ?”

೧. ಗೂಟ

ಮಳೆಗಾಲದಲ್ಲಿ ನೀರು ಎಷ್ಟು ಏರುತ್ತದೆ ಎಂದು ನೋಡಲು ದಂಡೆಯುದ್ದಕ್ಕೂ ಕೆಂಪು ಬಣ್ಣ ಹಚ್ಚಿದ ಗೂಟ ನೆಟ್ಟೆವು. ವಾರ ಬಿಟ್ಟು ಬಂದರೆ ಒಂದು ಗೂಟ ಕಾಣೆ. ಹುಡುಕಿದರೆ ಹೊಳೆಯೊಳಗೆ, ಎದೆಮಟ್ಟದ ನೀರಿನಲ್ಲಿ ನಿಂತಿತ್ತು. ಪಕ್ಕದ ಹೊಲದ ಕಾಕಾನನ್ನು ಕೇಳಿದೆ.

“ನಾನ ನೆಟ್ಟೀನಿ. ನೀರು ಎಲ್ಲಿತನಕ ಬರತೈತಿ ಅನ್ನೂ ಗುರ್ತು ಅಂದಿದ್ರಲ್ಲ?”

“ಹೌದು ಕಾಕಾ, ಆದ್ರ ಅದು ನಿಮ್ಮ ಬದುವಿನ್ಯಾಗ ಇತ್ತು.”

“ಅದಕ್ಕ ಕಿತ್ತೆ. ನಿಮ್ಮ ಗುರ್ತು ನೋಡಿಕೊಂತ ನೀರು ಖರೇನ ಬಂದ್ರ?”

ಗೂಟ ನೋಡಿ ನೀರು ಬರುವುದಿಲ್ಲ, ಎರಡಕ್ಕೂ ಸಂಬಂಧವಿಲ್ಲ ಎಂದು ಸಾಹೇಬರು ಅರ್ಧ ತಾಸು ತಿಳಿಸಿ ಹೇಳಿದರು. ಕಾಕಾ ಪೂರಾ ಕೇಳಿ ತಲೆ ಆಡಿಸಿದ.

“ಖರೆ ಐತ್ರಿ. ಸಂಬಂಧನ ಇಲ್ಲಂದ ಮ್ಯಾಲ ಅದು ಹೊಳ್ಯಾಗ ಇದ್ರ ನಿಮಗೇನ್ರಿ ತ್ರಾಸು?”

೨. ದುರ್ಬೀನು

ಹಿನ್ನೀರಿನ ಹಕ್ಕಿ ಎಣಿಸುತ್ತಿದ್ದೆವು. ಕುರಿ ಕಾಯುವ ಮುದುಕನೊಬ್ಬ ಬಂದು ಸಾಹೇಬರ ಬೆನ್ನಿಗೇ ನಿಂತ.

“ಏನ್ ಎಣಸಾಕತ್ತೀರಿ?”

“ಹಕ್ಕಿ.”

“ಹಕ್ಕಿ ಎಣಸಾಕ ಸರಕಾರ ಪಗಾರ ಕೊಡತೈತಿ? ಕುರಿ ಎಣಸಾಕತ್ತೀರಿ, ನನಗ ಗೊತ್ತೈತಿ.”

ಸಂಶಯ ಹೋಗಲಿ ಎಂದು ಸಾಹೇಬರು ದುರ್ಬೀನು ಅವನ ಕೈಗೇ ಕೊಟ್ಟರು. ಆಚೆ ದಂಡೆಯನ್ನು ಬಹಳ ಹೊತ್ತು ನೋಡಿದ. ಮುಖ ಕೆಂಪಗಾಯಿತು.

“ನಮ್ಮ ಅಳಿಯ ಮಕ್ಕೊಂಡಾನ! ನಮ್ಮ ಕುರಿ ಎಲ್ಲಾ ಬ್ಯಾರೇದವರ ಕಬ್ಬಿನ್ಯಾಗ ಹೊಕ್ಕಾವು! ಇದನ್ನ ಬರಕೊಂಡ್ರೇನು?”

“ಇಲ್ಲ.”

“ಮತ್ತ ಏನ್ ನೋಡ್ತೀರಿ ನೀವು ಮುಂಜಾನಿಂದ!” ಎಂದವನೇ ಹೊಳೆಯ ಕಡೆ ತಿರುಗಿ, “ಏಳಲೇ!” ಎಂದು ಒದರಿದ. ಅಳಿಯ ಏಳಲಿಲ್ಲ. ನೀರಿನ ಮೇಲಿದ್ದ ಹಕ್ಕಿಗಳಷ್ಟೂ ಎದ್ದು ಹಾರಿಹೋದವು.

ವಹಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಸಾಹೇಬರು ನಿಟ್ಟುಸಿರು ಬಿಟ್ಟು, “ಬರೀರಿ. ಹಕ್ಕಿ ಸೊನ್ನೆ, ಅಳಿಯ ಒಂದು” ಎಂದರು.

೩. ಹುಲ್ಲು

ದಂಡೆಯ ಮಣ್ಣು ಕುಸಿಯಬಾರದೆಂದು ಬೇರು ಹಿಡಿಯುವ ಹುಲ್ಲು ನೆಡಿಸಿದೆವು. ಮರುವಾರ ನೋಡಿದರೆ ಒಂದು ಸಾಲು ಪೂರಾ ಕಿತ್ತು ಬಿದ್ದಿದೆ. ಅಲ್ಲೇ ಕಳೆ ಕೀಳುವ ಕುರ್ಪಿ ಹಿಡಿದು ಕೂತಿದ್ದ ಮುದುಕಿ ಮುಚ್ಚಿಡಲೂ ಇಲ್ಲ.

“ನಾನ ಕಿತ್ತೀನಿ. ಜೀವಮಾನ ಪೂರ್ತಿ ಹುಲ್ಲು ಕೀಳೂದ ಮಾಡೀವಿ. ಜೀಪಿನ್ಯಾಗ ಬಂದು ಹುಲ್ಲು ನೆಡೂ ಮಂದಿನ ಎಲ್ಲೂ ನೋಡಿಲ್ಲ. ಬುಡಕ್ಕ ಏನರ ಹುಗದಿರಬೇಕಂತ ಅಗದ ನೋಡಿದೆ.”

“ಏನರ ಸಿಕ್ತೇನವ್ವಾ?”

“ಏನೂ ಇಲ್ಲ. ಈಗ ಇನ್ನೂ ಸಂಶೆ ಬಂತು.”

೪. ನಂಬರಿನ ಮೀನು

ಮೀನು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ಕೆಲವು ಮೀನಿನ ಬೆನ್ನಿಗೆ ನಂಬರಿನ ಸಣ್ಣ ಬಿಲ್ಲೆ ಚುಚ್ಚಿ ಹೊಳೆಗೆ ಬಿಟ್ಟಿದ್ದೆವು. ಅಂಥ ಮೀನು ಸಿಕ್ಕವರು ನಂಬರು ತಿಳಿಸಬೇಕೆಂದು ಊರೂರಲ್ಲಿ ಡಂಗುರ ಹೊಡೆಸಿದ್ದೆವು.

ಒಂದು ಮುಂಜಾನೆ, ನಾವು ಉಂಡು ಮಲಗುವುದೂ ಅಲ್ಲೇ ಆಗಿದ್ದ ಜಮಖಂಡಿಯ ಕಚೇರಿಗೆ ಮೀನುಗಾರನೊಬ್ಬ ಕೊಡ ಹೊತ್ತು ಬಂದ. ಕೊಡದಲ್ಲಿ ಮೀನು ಜೀವಂತ ಇತ್ತು.

“ನಂಬರ್ ಅಷ್ಟ ಹೇಳಿದ್ರ ಸಾಕಾಗಿತ್ತಲ್ಲಪ್ಪಾ,” ಎಂದೆ.

“ನಾಳೆ ನಿಮ್ಮ ಮೀನು ನಾನು ತಿಂದೆ ಅಂತ ಕೇಸ್ ಹಾಕಿದ್ರ? ಬಸ್ಸಿನ್ಯಾಗ ತಂದೀನ್ರಿ. ಕೊಡದಾಗ ಏನೈತಿ ಅಂದ ಕಂಡಕ್ಟರ್. ಸರಕಾರಿ ಮೀನು ಅಂದೆ. ಸರಕಾರಿ ಇದ್ರ ಪಾಸ್ ತೋರಸು ಅಂದ. ನಂಬರ್ ತೋರಿಸಿದೆ, ಸುಮ್ಮನಾದ.”

ಸಾಹೇಬರು ನಂಬರು ಬರೆದುಕೊಂಡು, “ನೀವು ಹೋಗಿ. ನಾಳೆ ನಾವೇ ಹೊಳೆಗೆ ಬಿಡ್ತೀವಿ” ಎಂದರು.

“ರಸೀತಿ ಕೊಡ್ರಿ.”

ಸಾಹೇಬರು ‘ಮೀನು ಒಂದು, ಜೀವಂತ’ ಎಂದು ಬರೆದು ಸಹಿ ಮಾಡಿಕೊಟ್ಟರು. ಅವನು ಎರಡು ಸಲ ಓದಿದ. ಮೂಗು ಅರಳಿಸಿದ.

“ಏನೋ ವಾಸನಿ ಬರಾಕತ್ತೈತಿ. ಅಡಗಿಮನಿ ಎಲ್ಲೈತ್ರಿ?”

ತಡೆಯುವುದರೊಳಗೆ ಒಳಗೆ ಹೋಗಿ ಬಂದ.

“ನಿಮ್ಮ ಅಡಗಿಯಂವ ಬಳ್ಳೊಳ್ಳಿ ಖಾರ ಅರ್ಯಾಕತ್ತಾನ.”

“ಅದು ದಿನಾನೂ ಅರೀತಾರಪ್ಪ,” ಎಂದೆ.

“ಹುಂಚಿಹಣ್ಣೂ ನೆನಿಯಿಟ್ಟಾನ,” ಎಂದವನೇ ರಸೀತಿ ಮೇಜಿನ ಮೇಲಿಟ್ಟ. “ಇದು ನಿಮಗಿರ್ಲಿ. ಮೀನು ನಾನ ಬಿಟ್ಟು ಬರ್ತೀನಿ.” ಕೊಡ ಹೊತ್ತು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಸಾಹೇಬರಿಗೆ ಬಹಳ ನೋವಾಯಿತು. “ನೋಡಿದ್ರಾ? ಮೀನು ಉಳಿಸೋಕೆ ಬಂದವರು ನಾವು. ನಮ್ಮ ಮೇಲೆ ಇಷ್ಟೂ ನಂಬಿಕೆ ಇಲ್ಲ!”

ಅಷ್ಟರಲ್ಲಿ ಅಡಿಗೆಯವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

“ಸಾಹೇಬ್ರ, ಮೀನು ಹೋತೇನ್ರಿ? ಹಂಗಾರ ಆ ಖಾರಕ್ಕ ಬದನಿಕಾಯಿ ಹಾಕ್ಲೇನು?”