ಇನ್ನೂ ಒಂಬತ್ತವೆ

ಹಾಲಿನ ಡೈರಿ ಸೆಕ್ರೆಟರಿ ಪುಟ್ಟರಾಜುವಿನ ಕೈಜಾರಿದ ಕ್ಯಾನು ನೆಲಕ್ಕೆ ಬಿದ್ದಿದ್ದರೆ ಒಂದಿಷ್ಟು ಹಾಲು ಚೆಲ್ಲಿ ಮುಗಿಯುತ್ತಿತ್ತು. ಅದು ಹೋಗಿ ಕೂತದ್ದು ಹೆಂಡತಿ ನಾಗರತ್ನಳ ಬಲಗಾಲಿನ ಮೇಲೆ, ಅದರಲ್ಲೂ ಕಾಲುಂಗುರವಿದ್ದ ಬೆರಳಿನ ಮೇಲೆ.

ಮೂರನೆಯ ದಿನ ಬೆಳಗ್ಗೆ ಆ ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಳ್ಳಿ ಉಂಗುರ ಊತದೊಳಗೆ ಹೂತು ಅಂಚು ಮಾತ್ರ ಕಾಣುತ್ತಿತ್ತು. ಪಕ್ಕದ ಮನೆಯ ಕೆಂಪಾಜಮ್ಮ ಅರಿಸಿನ ಸುಣ್ಣ ಮೆತ್ತಿಸಿದ್ದಳು, ಹರಳೆಣ್ಣೆ ಸವರಿಸಿದ್ದಳು, ಸೋಪು ಹಚ್ಚಿ ಎಳೆಸಿದ್ದಳು. ಎಳೆದವನು ಪುಟ್ಟರಾಜು, ಕಿರುಚಿದವನೂ ಅವನೇ. ನಾಗರತ್ನ ಹಲ್ಲು ಕಚ್ಚಿಕೊಂಡು ಕೂತಿದ್ದಳು.

"ಬೆರಳು ಜೋಮು ಹಿಡಿದದೆ ಕಣ್ರೀ, ಮುಟ್ಟಿದ್ರೂ ಗೊತ್ತಾಯ್ತಿಲ್ಲ," ಎಂದು ಅವಳು ಹೇಳಿದ್ದೇ ತಡ, ಅವನು ಅವಳನ್ನು ಆಸ್ಪತ್ರೆಗೆ ಹೊರಡಿಸಿದ. ಸೋಸಲೆಯಲ್ಲಿ ನರಸೀಪುರದ ಬಸ್ಸು ಹತ್ತಿದರು. ಯಾರೂ ಕರೆಯದಿದ್ದರೂ ಕೆಂಪಾಜಮ್ಮ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ತಾನೂ ಹತ್ತಿದಳು.

ಡಾಕ್ಟರ್ ಸರ್ವಮಂಗಳಾ ಬೆರಳು ನೋಡಿದವರೇ ಕನ್ನಡಕ ತೆಗೆದರು. "ಏಟು ಬಿದ್ದ ತಕ್ಷಣ ಉಂಗುರ ತೆಗೀಬೇಕಿತ್ತು. ಬಣ್ಣ ತಿರುಗಿದ್ರೆ, ಜೋಮು ಹಿಡಿದ್ರೆ, ಅದು ಮನೇಲಿ ಎಣ್ಣೆ ಸವರ್ಕೊಂಡು ಕೂರೋ ನೋವಲ್ಲ. ಈಗಲೇ ಉಂಗುರ ಕತ್ತರಿಸ್ಬೇಕು. ನಾಳೆ ಬಂದಿದ್ರೆ ಬೆರಳನ್ನೇ ಕತ್ತರಿಸ್ಬೇಕಾಗ್ತಿತ್ತು."

ನಾಗರತ್ನ ಕಾಲು ಎಳೆದುಕೊಂಡಳು. "ಇವರು ಕಣ್ಣೆದುರಿಗೆ ಕೂತವ್ರೆ. ಇವರಿರೋವಾಗ ಕಾಲುಂಗುರ ಕತ್ರಿಸ್ಕಳದಾ? ಬೆರಳು ಓಯ್ತದಾ, ಓಗ್ಲಿ ಬುಡಿ, ಇನ್ನೂ ಒಂಬತ್ತವೆ. ಇವರು ಓದ್ರೆ ನಾನೆಲ್ಲಿಂದ ತರ್ಲಿ?"

ಪುಟ್ಟರಾಜು ಬೆರಗಾಗಿ ಹೆಂಡತಿಯನ್ನು ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ತನ್ನ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಈಗ ಆಡಿದ್ದಳು, ಅದೂ ಬೆರಳನ್ನೇ ಪಣಕ್ಕಿಟ್ಟು.

"ಎಡಗಾಲಲ್ಲಿ ಇನ್ನೊಂದು ಅದೆಯಲ್ಲ," ಎಂದ ಮೆಲ್ಲಗೆ. "ನಂಗೆ ಅಷ್ಟು ಸಾಕು."

"ಒಂಟಿ ಕಾಲುಂಗುರವಾ?" ಕೆಂಪಾಜಮ್ಮ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಬ್ಯಾಡ ಕಣಪ್ಪ. ಅರ್ಧ ಆಯಸ್ಸು ಅಂದಂಗಾಯ್ತದೆ."

ನಾಗರತ್ನ ಅಳತೊಡಗಿದಳು. ಡೈರಿಯ ಮೀಟಿಂಗುಗಳಲ್ಲಿ ಒಮ್ಮೆಯೂ ಸಮಯಕ್ಕೆ ಬುದ್ಧಿ ಓಡದ ಪುಟ್ಟರಾಜುವಿಗೆ ಅಂದು ಓಡಿತು.

"ಆ ಇನ್ನೊಂದನ್ನೂ ಬಿಚ್ಚು, ನಾನು ಹಾಕ್ಕತೀನಿ. ಆಯಸ್ಸು ನಂದು ತಾನೆ? ನಿನ್ ಬೆರಳು ವಾಸಿಯಾಗಗಂಟ ನನ್ ಕಾಲಲ್ಲೇ ಇರ್ಲಿ."

ಕೆಂಪಾಜಮ್ಮ ಮತ್ತೆ ಎಲೆಅಡಿಕೆ ಜಗಿಯತೊಡಗಿದಳು. ಡಾಕ್ಟರು ಪುಟ್ಟ ಗರಗಸ ತರಲು ಒಳಗೆ ಹೋದರು.

ಮದುವೆಯ ದಿನ ಅವಳ ಪಾದ ಹಿಡಿದು ಉಂಗುರ ತೊಡಿಸಿದವನು ಅವನು. ಈಗ ನಾಗರತ್ನ ತನ್ನ ಎಡಗಾಲಿನ ಉಂಗುರ ಬಿಚ್ಚಿ, ಬಗ್ಗಿ ಅವನ ಪಾದ ಹಿಡಿದಳು. ಗದ್ದೆ ತುಳಿದು ಅಗಲವಾದ ಕಾಲು ಅದು. ಸೋಪು ಹಚ್ಚಿ ಒತ್ತಿದ ಮೇಲೆ ಉಂಗುರ ಹೇಗೋ ಗೆಣ್ಣು ದಾಟಿ ಕೂತಿತು. ಅವನಿಗೆ ನೋವಾಯಿತು, ಈ ಸಲ ಅವನೂ ಹಲ್ಲು ಕಚ್ಚಿಕೊಂಡ.

ಡಾಕ್ಟರು ಗರಗಸವಾಡಿಸಿದರು. ಉಂಗುರ ಬಾಯಿಬಿಟ್ಟಿತು. ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣ ಇಳಿದು ಬೆರಳು ಕೆಂಪಗಾಯಿತು. "ಚುರುಗುಟ್ತದೆ ಕಣ್ರೀ," ಎಂದು ನಾಗರತ್ನ ನಕ್ಕಳು. ಪುಟ್ಟರಾಜು ಟವಲಿನಿಂದ ಕಣ್ಣೊರೆಸಿಕೊಂಡ.

ಬಸ್ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಅವನ ಚಪ್ಪಲಿ ಕೈಗೆ ಬಂದಿತ್ತು. ಬೆರಳು ಉಬ್ಬಿ ಬಣ್ಣ ತಿರುಗುತ್ತಿತ್ತು. ಎಳೆದು ನೋಡಿದ, ಉಂಗುರ ಜಪ್ಪಯ್ಯ ಅನ್ನಲಿಲ್ಲ. ಆದರೆ ಈಗ ಅವನು ತಿಳಿದವನು.

"ಇದು ಎಣ್ಣೆ ಸವರೋ ನೋವಲ್ಲ," ಎನ್ನುತ್ತ ಕುಂಟಿಕೊಂಡೇ ವಾಪಸ್ಸು ನಡೆದ. ಡಾಕ್ಟರ ಮುಂದೆ ತಾನಾಗಿಯೇ ಕಾಲು ಚಾಚಿ ಕೂತ. "ಕತ್ತರಿಸ್ಬುಡಿ ಡಾಕ್ಟ್ರಮ್ಮ."

ಡಾಕ್ಟರು ನಗು ತಡೆದುಕೊಂಡು ಮತ್ತೆ ಗರಗಸ ಎತ್ತಿಕೊಂಡರು. ನಾಗರತ್ನ ಒಂಟಿಕಾಲಲ್ಲಿ ಕುಪ್ಪಳಿಸಿ ಬಂದು ಅವರ ಕೈ ಹಿಡಿದಳು.

"ಅದನ್ನ ಮಾತ್ರ ಮುಟ್ಬ್ಯಾಡಿ. ಇವರ ಆಯಸ್ಸು ಅಂತ ಉಳಿದಿರಾದು ಅದೊಂದೇಯ."

"ಬೆರಳು ಓಯ್ತದೆ ಕಣೇ ನಾಗು," ಎಂದ ಪುಟ್ಟರಾಜು ದೀನನಾಗಿ.

ನಾಗರತ್ನ ಅವನ ಪಾದವನ್ನು ಮಡಿಲಿಗೆಳೆದುಕೊಂಡು ನೋವಾಗದ ಹಾಗೆ ಸವರಿದಳು.

"ಓಗ್ಲಿ ಬುಡಿ. ನಿಮಗೂ ಇನ್ನೂ ಒಂಬತ್ತವೆ. ನಂಗೆ ನೀವು ಒಬ್ರೇಯ."

ಕೆಂಪಾಜಮ್ಮ ಆಗಲೇ ಚೀಲದಿಂದ ಹರಳೆಣ್ಣೆಯ ಸೀಸೆ ಹೊರತೆಗೆದಿದ್ದಳು.